ಸ್ಪಷ್ಟನೆ: ಕಿಡ್ನಿ ಕಸಿಯ ಮಾತ್ರೆ ವರ್ಷದ ನಂತರ ಬಿಡುವಂತಿಲ್ಲ

‘ಕಸಿಯಾಗಿ ವರ್ಷ ಕಳೆದರೆ ದೇಹ ಒಗ್ಗಿಕೊಳ್ಳುತ್ತದೆ, ಮಾತ್ರೆ ಬಿಡಬಹುದು’ ಎಂಬ ವಾಟ್ಸ್‌ಆ್ಯಪ್ ಸಂದೇಶ ಮಂಗಳೂರು, ಉಡುಪಿ ಕಡೆ ಹರಿದಾಡುತ್ತಿದೆ. ತಪ್ಪು. ಅದರಲ್ಲಿ ಉದಾಹರಣೆಯಾಗಿ ಹೇಳಿರುವ, ಇಂಥ ಮಾತ್ರೆಯಿಲ್ಲದೆ ನಡೆದ 1954ರ ಬೋಸ್ಟನ್ ಕಿಡ್ನಿ ಕಸಿಯೇನೋ ನಿಜ. ಆದರೆ ಅಲ್ಲಿ ದಾನಿಯೂ ರೋಗಿಯೂ ತದ್ರೂಪಿ ಅವಳಿಗಳು, ಹಾಗಾಗಿ ದೇಹಕ್ಕೆ ಆ ಕಿಡ್ನಿ ಪರಕೀಯ ಅನಿಸಲಿಲ್ಲ. ಉಳಿದವರಲ್ಲಿ ರಕ್ತದ ಗುಂಪು ಹೊಂದಿದರೂ ಎಚ್‌ಎಲ್‌ಎ ಪ್ರೋಟೀನ್‌ಗಳ (ಜೀವಕೋಶಗಳ ಮೇಲಿನ ಗುರುತುಗಳ) ವ್ಯತ್ಯಾಸವನ್ನು ಟಿ ಕೋಶಗಳು (ಪರಕೀಯವಾದುದರ ಮೇಲೆ ದಾಳಿ ಮಾಡುವ ಬಿಳಿ ರಕ್ತಕಣಗಳು) ಗುರುತಿಸುತ್ತವೆ, ಹತ್ತು ವರ್ಷದ ನಂತರವೂ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸಲು ಶುರು ಮಾಡಿದಾಗ ನೋವೇ ಇರಲಿಕ್ಕಿಲ್ಲ. ಎಷ್ಟೋ ಸಲ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ) ಏರಿದಾಗಲೇ ತಿಳಿಯುವುದು.

ಈ ತಿರಸ್ಕಾರ ತಡೆಯುವ ಮಾತ್ರೆ ಟ್ಯಾಕ್ರೊಲಿಮಸ್ ಸಾಮಾನ್ಯವಾಗಿ 12 ಗಂಟೆಗೊಮ್ಮೆ. ರಕ್ತದಲ್ಲಿ ಅದರ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆಗೆ ಮೊದಲೇ ರಕ್ತ ಕೊಡಿ. ನುಂಗಿ ಹೋದರೆ ಅಂಕಿ ಹೆಚ್ಚು ಕಂಡು, ಡೋಸ್ ಸುಮ್ಮನೆ ಇಳಿದೀತು. ಅಂದಹಾಗೆ, ಹಿತ್ತಲ ಚಕ್ಕೋತವೂ ಬೇಡ: ಔಷಧವನ್ನು ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ, ಮಟ್ಟ ಏರಿ ಕಿಡ್ನಿಗೇ ಪೆಟ್ಟು.