ಹಿನ್ನೀರಿನ ಹಿಂಡು ನೋಡಿ ಲೆಕ್ಕ ಹಾಕಬೇಡಿ

‘ನಾಗರಹೊಳೆಯಲ್ಲಿ ಜಿಂಕೆ ಜಾಸ್ತಿಯಾಗಿವೆ, ಸಂಖ್ಯೆಗೆ ಮಿತಿ ಬೇಕು’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಕಬಿನಿ ನೀರು ಇಳಿದಾಗ ದಡದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲಿನ ಜಿಂಕೆಗಳೆಲ್ಲ ಅಲ್ಲಿಗೇ ಬಂದು ಸೇರುತ್ತವೆ. ಆ ಹಿಂಡು ನೋಡಿ ಇಡೀ ಕಾಡಿನ ಲೆಕ್ಕ ಹೇಳಿದರೆ ಹೇಗೆ? ಒಳಗೆ ಎಷ್ಟೋ ಕಡೆ ಲಂಟಾನ ಅನ್ನುವ ಕಳೆಪೊದೆ ಆಳೆತ್ತರ ಬೆಳೆದಿದೆ. ಅದರಡಿ ಹುಲ್ಲು ಏಳುವುದಿಲ್ಲ. ಕಾಡು ಎಷ್ಟು ಜಿಂಕೆ ಸಾಕಬಲ್ಲದು ಅನ್ನುವುದು ಹುಲ್ಲಿನ ಮೇಲೆ ನಿಂತಿದೆ, ಅಲ್ವಾ? ಒಂದು ಹುಲಿಗೇ ವರ್ಷಕ್ಕೆ ಸುಮಾರು 50 ಜಿಂಕೆಯಷ್ಟು ಬೇಟೆ ಬೇಕು. ಚಿರತೆ, ಸೀಳುನಾಯಿಗಳದ್ದು ಬೇರೆ. ಎಚ್.ಡಿ. ಕೋಟೆ ಕಡೆಯ ನಮ್ಮ ರಾಗಿ ಹೊಲಕ್ಕೂ ಜಿಂಕೆ ನುಗ್ಗಿವೆ, ಆ ಸಂಕಟ ನನಗೆ ಚೆನ್ನಾಗಿ ಗೊತ್ತು. ಆದರೂ ಮೊದಲು ಲಂಟಾನ ಬೇರುಸಹಿತ ಕೀಳಿಸಿ, ಹಡ್ಲುಗಳಲ್ಲಿ, ಅಂದರೆ ಕಾಡಿನ ನಡುವಿನ ಜೌಗು ಬಯಲುಗಳಲ್ಲಿ, ಹುಲ್ಲು ಉಳಿಸಿ. ಮಿತಿಯ ಮಾತು ಆಮೇಲೆ ಆಡೋಣ.