ಮೊದಲ ತಪ್ಪು ಎಷ್ಟನೇ ಪುಟದಲ್ಲಿದೆ

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಆರೂವರೆಗೆ ನಡೆಯುವ ನಿವೃತ್ತರಿಗೆ ಸಕ್ಕರೆ, ರಕ್ತದೊತ್ತಡ ಮತ್ತು ಪಿಂಚಣಿಯ ಹೊರತು ಬೇರೆ ಮಾತು ಬೇಕಾಗುವುದಿಲ್ಲವೆಂದು ನಾನು ನಂಬಿದ್ದೆ. ಕಳೆದ ಸೋಮವಾರ ಆ ನಂಬಿಕೆ ಹೋಯಿತು. ಮುಖಪರಿಚಯವಷ್ಟೇ ಇದ್ದ ಒಬ್ಬರು ಎದುರಾಗಿ, ಸ್ವೆಟರಿನೊಳಗಿನಿಂದ ಸ್ಪೈರಲ್ ಬೈಂಡ್ ಮಾಡಿಸಿದ 84 ಪುಟಗಳ ಕಟ್ಟೊಂದನ್ನು ತೆಗೆದು ನನ್ನ ಕೈಗಿಟ್ಟು, "ರೀಮನ್ ಊಹೆ ಮುಗಿಸಿಬಿಟ್ಟಿದ್ದೇನೆ ಸಾರ್, ತಾವು ಗಣಿತದ ಮೇಷ್ಟ್ರಂತೆ, ಕೊನೆಯಲ್ಲಿ ಒಂದು ಸಹಿ ಹಾಕಿಕೊಟ್ಟರೆ ಅಮೆರಿಕಕ್ಕೆ ಕಳಿಸುತ್ತೇನೆ" ಎಂದರು. ನಾನು ಬಾಯಿ ತೆರೆಯುವ ಮೊದಲೇ, "ಬಂದದ್ದರಲ್ಲಿ ನಿಮಗೂ ಏನಾದರೂ ಮಾಡೋಣ" ಎಂದು ಸೇರಿಸಿದರು. ಮೂವತ್ತೊಂದು ವರ್ಷ ಪಾಠ ಹೇಳಿದ ನನಗೆ ಗಣಿತದಲ್ಲಿ ಕಮಿಷನ್ ಕೊಡಬಂದ ಮೊದಲಿಗರು ಅವರೇ.

ತಪ್ಪು ಅವರದಲ್ಲ, ದುಡ್ಡಿಟ್ಟವರದು. ಅಮೆರಿಕದ ಕ್ಲೇ ಗಣಿತ ಸಂಸ್ಥೆಯವರು 2000ದ ಮೇ 24ರಂದು ಪ್ಯಾರಿಸ್ಸಿನಲ್ಲಿ, ಅವಿಭಾಜ್ಯ ಸಂಖ್ಯೆಗಳ ಹಂಚಿಕೆಗೆ ಸಂಬಂಧಿಸಿದ ಈ ರೀಮನ್ ಊಹೆಯೂ ಸೇರಿದಂತೆ, ಬಗೆಹರಿಯದ ಏಳು ಸಮಸ್ಯೆಗಳನ್ನು ಹೆಸರಿಸಿ, ಒಂದೊಂದಕ್ಕೂ ಹತ್ತು ಲಕ್ಷ ಡಾಲರ್ ಘೋಷಿಸಿದರು. ಅಲ್ಲಿಗೆ ನೇರವಾಗಿ ಕಟ್ಟು ಕಳಿಸುವ ಕ್ರಮವಿಲ್ಲ, ಮೊದಲು ಯೋಗ್ಯ ಪತ್ರಿಕೆಯೊಂದರಲ್ಲಿ ಅಚ್ಚಾಗಬೇಕು, ಆಮೇಲೆ ಎರಡು ವರ್ಷವಾದರೂ ಕಳೆದು ಬಲ್ಲವರೆಲ್ಲ ಒಪ್ಪಿರಬೇಕು ಎಂದು ನಾನು ಏರಿಯ ಮೇಲೆಯೇ ನಿಂತು ವಿವರಿಸಿದೆ. ಏಳರಲ್ಲಿ ಈವರೆಗೆ ಬಗೆಹರಿದಿರುವುದು ಆಕಾರಗಳ ಗಣಿತಕ್ಕೆ ಸೇರಿದ ಪ್ವಾಂಕರೆಯ ಊಹೆಯೊಂದೇ. ಅದನ್ನು ಬಗೆಹರಿಸಿದ ರಷ್ಯಾದ ಪೆರೆಲ್ಮನ್, 2010ರಲ್ಲಿ ಬಹುಮಾನ ಬಂದಾಗ, ಆ ದಾರಿಯನ್ನು ಮೊದಲು ತೋರಿಸಿದ್ದ ಗಣಿತಜ್ಞ ಹ್ಯಾಮಿಲ್ಟನ್ನರ ಪಾಲು ತಮ್ಮದಕ್ಕಿಂತ ಕಡಿಮೆಯದೇನಲ್ಲವೆಂದು ಹೇಳಿ ಹಣವನ್ನು ಬೇಡವೆಂದರು ಎಂಬುದನ್ನೂ ತಿಳಿಸಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಹಾಗಾದರೆ ಅದೊಂದು ಉಳಿದಿದೆ ಅನ್ನಿ" ಎಂದರು.

ಗಣಿತಕ್ಕೆ ಹಣದ ಬಹುಮಾನವಿಟ್ಟಾಗಲೆಲ್ಲ ಬಿಡಿಸಬಲ್ಲವರು ತಮ್ಮ ಪಾಡಿಗೆ ತಾವಿರುತ್ತಾರೆ, ಬಿಡಿಸಲಾರದವರು ಓಡಿ ಬರುತ್ತಾರೆ. ಆಗಿನ್ನೂ ಯಾರೂ ಸಾಧಿಸಿ ತೋರಿಸಿರದ ಫರ್ಮಾನ ಕೊನೆಯ ಪ್ರಮೇಯಕ್ಕಾಗಿ ವೋಲ್ಫ್‌ಸ್ಕೇಲ್ ಎಂಬ ಜರ್ಮನ್ ಸಿರಿವಂತ ಬಿಟ್ಟುಹೋದ ಒಂದು ಲಕ್ಷ ಮಾರ್ಕುಗಳ ಬಹುಮಾನವನ್ನು 1908ರಲ್ಲಿ ಗಟಿಂಗೆನ್ನಿನಲ್ಲಿ ಪ್ರಕಟಿಸಿದಾಗ, ಮೊದಲ ವರ್ಷವೇ 621 ರುಜುವಾತುಗಳು ಬಂದುವು. ಅಲ್ಲಿದ್ದ ಪ್ರೊಫೆಸರ್ ಲಾಂಡಾವ್ ಬೇಸತ್ತು ಕಾರ್ಡುಗಳನ್ನೇ ಅಚ್ಚು ಹಾಕಿಸಿದರು: ತಮ್ಮ ಹಸ್ತಪ್ರತಿಗೆ ವಂದನೆಗಳು, ಮೊದಲ ತಪ್ಪು ಇಂಥ ಪುಟದ ಇಂಥ ಸಾಲಿನಲ್ಲಿದೆ. ಖಾಲಿ ಜಾಗ ತುಂಬುವ ಕೆಲಸ ಶಿಷ್ಯರದು. ನನಗೆ ಶಿಷ್ಯರಿಲ್ಲ. ಕನ್ನಡದಲ್ಲಿ ಅಂಥ ಕಾರ್ಡು ಮಾಡಿಸಲೆಂದು, ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸೊಂದರಲ್ಲಿ ನಿಜವಾಗಿಯೂ ವಿಚಾರಿಸಿದೆ. ನೂರಕ್ಕಿಂತ ಕಡಿಮೆ ಆಗುವುದಿಲ್ಲವೆಂದರು. ಮೇಲೆ ಗಣಪತಿಯ ಚಿತ್ರ ಬೇಕೇ ಎಂದೂ ಕೇಳಿದರು.

ಇಷ್ಟು ಸಿಡುಕುವ ನಾನೇ ಒಮ್ಮೆ ಈ ರೋಗವನ್ನು ಮನೆಗೆ ತಂದವನು. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೆ, 1983ರ ರಜೆಯಲ್ಲಿ ಮಂಡ್ಯದ ಸೋದರಮಾವನ ಮನೆಗೆ ಹೋಗಿದ್ದೆ. ಮಾವ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ತೂಕ ಬರೆಯುತ್ತಿದ್ದವರು, ಲೆಕ್ಕದಲ್ಲಿ ತಮ್ಮನ್ನು ಮೀರಿಸುವವರಿಲ್ಲವೆಂದು ತಿಳಿದವರು. ಓದಿನ ಜಂಬ ತೋರಿಸಲು ನಾನು ಕೊಲಾಟ್ಜನ ಸಮಸ್ಯೆಯನ್ನು ಹೇಳಿದೆ: ಸಂಖ್ಯೆ ಸಮವಾದರೆ ಅರ್ಧ ಮಾಡಿ, ಬೆಸವಾದರೆ ಮೂರರಿಂದ ಗುಣಿಸಿ ಒಂದು ಕೂಡಿಸಿ, ಎಲ್ಲಿಂದ ಹೊರಟರೂ ಕೊನೆಗೆ ಒಂದಕ್ಕೇ ಬರುತ್ತೀರಿ, ಬಾರದ ಸಂಖ್ಯೆಯನ್ನು ತೋರಿಸಿದವರೂ ಇಲ್ಲ, ಬಂದೇ ತೀರುತ್ತದೆಂದು ಸಾಧಿಸಿದವರೂ ಇಲ್ಲ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಏರ್ದೋಷ್ ಎಂಬ ಹಂಗೇರಿಯ ಗಣಿತಜ್ಞರು ಇದಕ್ಕೆ 500 ಡಾಲರ್ ಇಟ್ಟಿದ್ದಾರೆಂದೂ ಹೇಳಿಬಿಟ್ಟೆ. ಆಗಿನ ಲೆಕ್ಕಕ್ಕೆ ಐದು ಸಾವಿರ ರೂಪಾಯಿ.

ಮಾವ ಅಂದಿನ ರಾತ್ರಿಯೇ, ಕರೆಂಟ್ ಹೋದ ಮೇಲೆ ಬುಡ್ಡಿ ದೀಪದ ಬೆಳಕಿನಲ್ಲಿ, ರದ್ದಾದ ತೂಕದ ಚೀಟಿಗಳ ಬೆನ್ನಿನ ಮೇಲೆ ಶುರು ಮಾಡಿದರು. ಹತ್ತರಿಂದ ಹೊರಟರು, ಒಂದಕ್ಕೆ ಬಂತು. ಹದಿನೈದರಿಂದ ಹೊರಟರು, ಬಂತು. ಮೂರನೆಯ ರಾತ್ರಿ 27 ಸಿಕ್ಕಿತು. ಅದು ಸಾಮಾನ್ಯದ ಸಂಖ್ಯೆಯಲ್ಲ. ಒಂದನ್ನು ಮುಟ್ಟುವ ಮೊದಲು 111 ಹೆಜ್ಜೆ ಹಾಕುತ್ತದೆ, ನಡುವೆ 9232ರ ತನಕ ಏರುತ್ತದೆ. ಮಾವ ಅಷ್ಟು ದೂರ ಹೋಗಲೇ ಇಲ್ಲ. ಬೆಳಗಿನ ಜಾವ ನನ್ನ ಕಂಬಳಿ ಎಳೆದು, "ಏಳ್ಲಾ, ಸುತ್ತಕ್ಕೆ ಸಿಕ್ಕಾಕ್ಕೊಂಡದೆ" ಎಂದರು. 21ನೆಯ ಹೆಜ್ಜೆಯಲ್ಲಿ ಬಂದಿದ್ದ 137, 44ನೆಯ ಹೆಜ್ಜೆಯಲ್ಲಿ ಮತ್ತೆ ಬಂದಿತ್ತು. ಇನ್ನು ಗಾಣದೆತ್ತಿನಂತೆ ಅಲ್ಲೇ ತಿರುಗುವುದೇ ಹೊರತು ಒಂದಕ್ಕೆ ಬರುವಂತಿರಲಿಲ್ಲ. ನಾನು ನೋಡಿ ತಿದ್ದುವಷ್ಟರಲ್ಲಿ ಅತ್ತೆಗೆ ಓಲೆ, ಗದ್ದೆಗೆ ಪಂಪ್‌ಸೆಟ್ಟು, ನನಗೆ ಒಂದು ಗಡಿಯಾರ ಹಂಚಿಕೆಯಾಗಿ, ಮಧ್ಯಾಹ್ನದೊಳಗೆ ಸುದ್ದಿ ಕ್ಷೌರದಂಗಡಿಯವರೆಗೂ ಮುಟ್ಟಿತ್ತು.

ತಪ್ಪು ಹುಡುಕಲು ನನಗೆ ಸಂಜೆಯಾಯಿತು. ಮಾವ ಚೀಟಿಯಲ್ಲಿ ಕನ್ನಡದ ಅಂಕಿಗಳನ್ನೇ ಬರೆಯುತ್ತಿದ್ದರು. 334ರ ಅರ್ಧ ೧೬೭ ಎಂದು ಸರಿಯಾಗಿಯೇ ಬರೆದು, ಮುಂದಿನ ಚೀಟಿಗೆ ಎತ್ತಿಕೊಳ್ಳುವಾಗ ತಮ್ಮ ೬ನ್ನೇ ೩ ಎಂದು ಓದಿ ೧೩೭ ಮಾಡಿದ್ದರು. ಈ ಎರಡು ಅಂಕಿಗಳನ್ನು ಇಷ್ಟು ಹತ್ತಿರದ ನೆಂಟರನ್ನಾಗಿ ಮಾಡಿದ ಲಿಪಿಕಾರನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ನಾನು ಬೆರಳಿಟ್ಟು ತೋರಿಸಿದೆ. ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿ ನೋಡಿ, "ಕಾರ್ಖಾನೇಲಿ ಎಷ್ಟು ಗಾಡಿಗೆ ಹಿಂಗೆ ಮಾಡಿವ್ನೋ" ಎಂದರು. ಐದು ಸಾವಿರದ ಚಿಂತೆ ಹೋಗಿ ಈ ಹೊಸ ಚಿಂತೆ ಹಿಡಿಯಿತು. ರಾತ್ರಿ ಊಟವಾದ ಮೇಲೆ ಪೆನ್ಸಿಲ್ ಹೆರೆದುಕೊಂಡು, "ಹೋಗ್ಲಿ, 31ರಿಂದ ಹೊರಡುಮ" ಎಂದರು. 27ರ ದಾರಿಯಲ್ಲಿ ಐದನೆಯ ಹೆಜ್ಜೆಗೇ 31 ಸಿಗುತ್ತದೆ, ಮುಂದಿನದೆಲ್ಲ ಅದೇ ದಾರಿ ಎಂದು ನಾನು ಹೇಳಲಿಲ್ಲ.

ಏರ್ದೋಷರಿಂದ ಚೆಕ್ಕು ಪಡೆದವರಲ್ಲಿ ಹಲವರು ಅದನ್ನು ಬ್ಯಾಂಕಿಗೆ ಕಟ್ಟದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರಂತೆ. ಪೋಲೆಂಡಿನ ಮಜೂರ್ 1936ರಲ್ಲಿ ಒಂದು ಪ್ರಶ್ನೆಗೆ ಜೀವಂತ ಹೆಬ್ಬಾತನ್ನು ಬಹುಮಾನವಿಟ್ಟಿದ್ದರು. 1972ರಲ್ಲಿ ಸ್ವೀಡನ್ನಿನ ಎನ್‌ಫ್ಲೊ ಅದನ್ನು ಬಿಡಿಸಿ, ವಾರ್ಸಾದಲ್ಲಿ ಹಕ್ಕಿಯನ್ನು ಪಡೆದರು. ಬಹುಮಾನವೆಂದರೆ ಹೀಗಿರಬೇಕು. ಹೆಬ್ಬಾತಿನಲ್ಲಿ ಪಾಲು ಕೊಡುತ್ತೇನೆಂದು ಕೆರೆಯ ಏರಿಯ ಮೇಲೆ ಯಾರೂ ನನ್ನನ್ನು ಅಡ್ಡಗಟ್ಟುವುದಿಲ್ಲ.

ಸೋಮವಾರದಿಂದ ನಾನು ಕೆರೆಯ ಇನ್ನೊಂದು ಗೇಟಿನಿಂದ ಒಳಗೆ ಹೋಗುತ್ತಿದ್ದೇನೆ. ಆ ಸ್ಪೈರಲ್ ಕಟ್ಟು ಟೀವಿಯ ಪಕ್ಕದಲ್ಲಿದೆ. ಮೊದಲ ತಪ್ಪು 3ನೆಯ ಪುಟದ 11ನೆಯ ಸಾಲಿನಲ್ಲಿದೆ; ಕಾರ್ಡು ಇದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. 4ನೆಯ ಪುಟವನ್ನು ಏಕೆ ತೆರೆದೆನೋ ತಿಳಿಯದು. ನಿನ್ನೆ ರಾತ್ರಿ 19ಕ್ಕೆ ಬಂದಿದ್ದೇನೆ.