ತೋಟಕ್ಕೆ ಹೈಲಕ್ಸ್ ಬೇಕಾ? ತಮ್ಮಂದು ಒಂದು ಮಾತು, ಅಕ್ಕಂದು ಇನ್ನೊಂದು

ಪರ: ತಮ್ಮ ಬರೆದದ್ದು

ನಮ್ಮದು ಸಕಲೇಶಪುರದ ಕಾಫಿ ತೋಟ. ಮನೆಯಲ್ಲಿ ಈಗ ಎರಡು ಗಾಡಿ ಇವೆ. ಒಂದು ಹದಿನಾಲ್ಕು ವರ್ಷದ ಹಳೇ ಪಿಕಪ್. ಇನ್ನೊಂದು, ಮಳೆಗಾಲ ಬಂತೆಂದರೆ ಗೇಟಿನ ಹತ್ತಿರವೇ ಬಿಟ್ಟು ಕೊಡೆ ಹಿಡಿದು ಒಳಗೆ ನಡೆದು ಬರಬೇಕಾದ ಕಾರು. ಎರಡಕ್ಕೂ ಇನ್ಶೂರೆನ್ಸ್, ಎರಡಕ್ಕೂ ಟೈರು, ಎರಡಕ್ಕೂ ಸರ್ವಿಸ್. ಎರಡನ್ನೂ ಮಾರಿ ಒಂದು ಡಬಲ್ ಕ್ಯಾಬ್ ಪಿಕಪ್, ಅಂದರೆ ಎರಡು ಸಾಲು ಸೀಟು, ಹಿಂದೆ ಲೋಡ್ ಬಾಡಿ ಇರುವ ಟೊಯೊಟಾ ಹೈಲಕ್ಸ್ ತಗೊಳ್ಳೋಣ ಅಂತ ನಾನು ಒಂದು ವರ್ಷದಿಂದ ಹೇಳುತ್ತಿದ್ದೇನೆ. ಮನೆಯ ಲೆಕ್ಕದ ಪುಸ್ತಕ ಅಕ್ಕನ ಕೈಯಲ್ಲಿದೆ, ಹಾಗಾಗಿ ಇನ್ನೂ ಹೇಳುತ್ತಲೇ ಇದ್ದೇನೆ.

ಈ ಸೈಜಿನಲ್ಲಿ ನಮ್ಮಲ್ಲಿ ಸಿಗುವುದು ಹೆಚ್ಚುಕಡಿಮೆ ಎರಡೇ. ಇಸುಜು ವಿ-ಕ್ರಾಸ್ 2016ರಿಂದ ಇದೆ, ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುತ್ತೆ. ಈಗಿನದು 1.9 ಲೀಟರ್ ಡೀಸೆಲ್, ಶಕ್ತಿ 163 ಪಿಎಸ್, ಎಳೆಯುವ ಬಲ (ಟಾರ್ಕ್) 360 ಎನ್‌ಎಂ. ಟೊಯೊಟಾ ಹೈಲಕ್ಸ್ 2022ರಲ್ಲಿ ಬಂತು, ಜೋಡಣೆ ನಮ್ಮ ಬಿಡದಿಯಲ್ಲೇ. ಟೊಯೊಟಾದ್ದೇ ದೊಡ್ಡ ಗಾಡಿ ಫಾರ್ಚೂನರ್‌ನಲ್ಲಿರುವ ಅದೇ 2.8 ಲೀಟರ್ ಎಂಜಿನ್, 204 ಪಿಎಸ್. ಮ್ಯಾನುವಲ್ ಆದರೆ 420 ಎನ್‌ಎಂ, ಆಟೊಮ್ಯಾಟಿಕ್ ಆದರೆ 500.

ಪೇಪರ್ ಮೇಲಿನ ನಂಬರು ಬಿಡಿ. ಹೋದ ಜುಲೈಯಲ್ಲಿ ಗೆಳೆಯನೊಬ್ಬನ ಹೈಲಕ್ಸ್ ಮೂರು ದಿನ ನಮ್ಮನೆಯಲ್ಲಿತ್ತು. ನಮ್ಮ ಕಣದಿಂದ ತೋಟದ ಮೇಲಿನ ಬ್ಲಾಕಿಗೆ ಒಂದು ಏರು ಇದೆ. ಕೆಂಪು ಮಣ್ಣು, ನಡುವೆ ನೀರು ಕೊರೆದ ಕಾಲುವೆ, ಮೇಲೆ ಕೊಳೆತ ಸಿಲ್ವರ್ ಓಕ್ ಮರದ ಎಲೆ. ಮಳೆಯಲ್ಲಿ ಅಲ್ಲಿ ನಡೆಯುವಾಗಲೇ ಕಾಲು ಜಾರುತ್ತೆ. ನಮ್ಮ ಪಿಕಪ್ ಹತ್ತಬೇಕಾದರೆ ಟೈರಿನಡಿ ಕಲ್ಲು ಕೊಡಬೇಕು, ಹಿಂದಿನಿಂದ ಇಬ್ಬರು ತಳ್ಳಬೇಕು, ತಳ್ಳಿದವರ ಮುಖಕ್ಕೆಲ್ಲ ಕೆಸರು. ಹೈಲಕ್ಸ್‌ನಲ್ಲಿ ಡಯಲ್ ತಿರುಗಿಸಿ ಲೋ ರೇಂಜ್‌ಗೆ (ನಾಲ್ಕೂ ಚಕ್ರಕ್ಕೆ ನಿಧಾನವಾಗಿ ಹೆಚ್ಚು ಬಲ ಕೊಡುವ ಗೇರು) ಹಾಕಿದೆ, ಒಂದನೇ ಗೇರ್, ಕ್ಲಚ್ ಬಿಟ್ಟೆ ಅಷ್ಟೇ. ಆಕ್ಸಿಲರೇಟರ್ ಮುಟ್ಟಲೇ ಇಲ್ಲ. ನಡೆದುಕೊಂಡು ಹೋದ ಹಾಗೆ ಹತ್ತಿತು. ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ಅಂತ ಒಂದು ಬಟನ್ ಇದೆಯಲ್ಲ, ಅದನ್ನು ಒತ್ತುವ ಅವಕಾಶವೂ ಸಿಗಲಿಲ್ಲ ಅಂತ ನನಗೆ ಸ್ವಲ್ಪ ಬೇಜಾರೇ ಆಯಿತು.

ಈಗ ಡೀಸೆಲ್ ವಿಷಯ. ಓಡಿಸುವವರನ್ನು ಕೇಳಿದರೆ ಹೈವೇಯಲ್ಲಿ ಲೀಟರಿಗೆ 11, 12 ಕಿಲೋಮೀಟರ್ ಅಂತಾರೆ, ಘಾಟಿ ಮತ್ತು ಮಣ್ಣು ರಸ್ತೆಯಲ್ಲಿ 8, 9. ಜಾಸ್ತಿ ಅಲ್ಲ, ಒಪ್ಪಿದೆ. ಆದರೆ ಮೈಲೇಜ್ ಬೇರೆ, ಒಂದು ಸಲ ತುಂಬಿಸಿದರೆ ಎಲ್ಲಿವರೆಗೆ ಹೋಗಬಹುದು ಅನ್ನುವುದು ಬೇರೆ. ಇದರ ಟ್ಯಾಂಕ್ 80 ಲೀಟರ್. ಸಕಲೇಶಪುರದಿಂದ ಬೆಂಗಳೂರಿಗೆ ಹೋಗಿ ಬಂದರೆ ಸುಮಾರು 450 ಕಿಲೋಮೀಟರ್. ಅದೇ ವಾರ ಮಂಗಳೂರಿಗೆ ಆಸ್ಪತ್ರೆಗೆ ಹೋಗಿ ಬಂದರೆ ಇನ್ನೊಂದು 260. ಲೀಟರಿಗೆ 10 ಅಂತಲೇ ಹಿಡಿದರೂ 71 ಲೀಟರ್ ಆಯಿತು. ನಡುವೆ ಎಲ್ಲೂ ಬಂಕ್ ನೋಡಬೇಕಾಗಿಲ್ಲ. ಪಟ್ಟಣದಲ್ಲಿ ಇರುವವರಿಗೆ ಇದೇನು ದೊಡ್ಡ ವಿಷಯ ಅನ್ನಿಸಬಹುದು. 2024ರ ಜುಲೈಯಲ್ಲಿ ದೋಣಿಗಲ್ ಹತ್ತಿರ ಗುಡ್ಡ ಜರಿದು ಮಂಗಳೂರಿಗೆ ಹೋಗುವ ಶಿರಾಡಿ ಘಾಟಿ ರಸ್ತೆ ಕೈಕೊಟ್ಟಿತಲ್ಲ, ಹಾಗೆ ಆದಾಗ ರಾತ್ರಿ ಹನ್ನೊಂದಕ್ಕೆ ಗಾಡಿ ತಿರುಗಿಸಿ ಚಾರ್ಮಾಡಿ ಘಾಟಿ ಸುತ್ತಿಕೊಂಡು ಹೋಗಬೇಕು, ಕರೆಂಟಿಲ್ಲ, ಬಂಕ್ ಕತ್ತಲೆ, ಆಗ ಟ್ಯಾಂಕಿನ ಮುಳ್ಳು ಅರ್ಧದ ಮೇಲಿದ್ದರೆ ಎಷ್ಟು ನೆಮ್ಮದಿ ಅಂತ ಘಾಟಿಯವರಿಗೆ ಗೊತ್ತು.

ಇನ್ನೊಂದು. ಹೈಲಕ್ಸ್‌ನಲ್ಲಿ 7 ಏರ್‌ಬ್ಯಾಗ್ ಬರುತ್ತವೆ. ಹಳೇ ಪಿಕಪ್‌ನಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೋಗುವಾಗ ಇರುವುದು ಒಂದು ಬೆಲ್ಟು. ಅದರ ಬಕಲ್ಲೂ ಸರಿಯಿಲ್ಲ.

ವಿರೋಧ: ಅಕ್ಕ ಬರೆದದ್ದು

ಎಂಜಿನ್, ಟ್ಯಾಂಕ್, ಏರು, ಏರ್‌ಬ್ಯಾಗ್ ಎಲ್ಲಾ ಬರೆದ. ಗಾಡಿಯ ಹಿಂಭಾಗದ ಬಗ್ಗೆ ಒಂದು ಸಾಲು ಬರೆದನಾ ನೋಡಿ. ಪಿಕಪ್ ಅಂದರೆ ಹಿಂಭಾಗ ಅಲ್ವಾ?

ನಮ್ಮ ದೇಶದಲ್ಲಿ ಮಾರುವ ಹೈಲಕ್ಸ್‌ಗೆ ಹೊರಲು ಅನುಮತಿ ಇರುವ ತೂಕ ಅರ್ಧ ಟನ್ನಿಗೂ ಕಡಿಮೆ. ಇದೇ ಗಾಡಿ ಆಸ್ಟ್ರೇಲಿಯಾದಲ್ಲಿ ಸುಮಾರು ಒಂದು ಟನ್ ಹೊರುತ್ತೆ. ಇಲ್ಲಿ 50 ಕೆಜಿಯ ಒಂಬತ್ತು ಮೂಟೆ ಹಾಕಿದರೆ ಮುಗಿಯಿತು. ನಮ್ಮ 1.3 ಟನ್ನಿನ ಹಳೇ ಪಿಕಪ್‌ಗೆ ಇಪ್ಪತ್ತಾರು ಮೂಟೆ ಹಾಕುತ್ತೇವೆ. ಕಾಫಿ ತುಂಬಿಕೊಂಡು ಹಾಸನಕ್ಕೆ ಹೋಗಿ ಬಂದರೆ ಹತ್ತಿರ ಹತ್ತಿರ 80 ಕಿಲೋಮೀಟರ್. ಹಳೇ ಗಾಡಿ ಲೀಟರಿಗೆ 12 ಕೊಡುತ್ತೆ, ಒಂದು ಟ್ರಿಪ್, ಏಳು ಲೀಟರ್ ಒಳಗೇ ಕೆಲಸ ಆಯಿತು. ಹೈಲಕ್ಸ್‌ನಲ್ಲಿ ಅದೇ ಇಪ್ಪತ್ತಾರು ಮೂಟೆಗೆ ಮೂರು ಟ್ರಿಪ್, 240 ಕಿಲೋಮೀಟರ್, ಲೀಟರಿಗೆ 10 ಬಂದರೂ 24 ಲೀಟರ್. ಡೀಸೆಲ್ 90 ರೂಪಾಯಿ ಅಂದುಕೊಳ್ಳಿ. ಆರುನೂರು ರೂಪಾಯಿ ಎಲ್ಲಿ, ಎರಡು ಸಾವಿರದ ನೂರರವತ್ತು ಎಲ್ಲಿ! ಡ್ರೈವರ್‌ಗೆ ಇಡೀ ದಿನ ಅದೇ ಕೆಲಸ, ಅದು ಬೇರೆ. ತೋಟದವರು ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಕೇಳಬಾರದು, ಮೂಟೆಗೆ ಎಷ್ಟು ಡೀಸೆಲ್ ಅಂತ ಕೇಳಬೇಕು.

ಆ ಮೂರು ದಿನ ನಾನೂ ಮನೆಯಲ್ಲೇ ಇದ್ದೆ. ಗೊಬ್ಬರ ಹಾಕುವ ಸಮಯ, ಸೊಸೈಟಿಯಿಂದ ಡಿಎಪಿ ತರಬೇಕಿತ್ತು. ಇದರಲ್ಲೇ ತರೋಣ ಅಂದ ತಮ್ಮ. ಇದರ ಬಾಡಿಯಲ್ಲಿ ತೆರೆಯುವುದು ಹಿಂದಿನ ಬಾಗಿಲು ಮಾತ್ರ, ಪಕ್ಕದ ಎರಡೂ ಗೋಡೆ ಇಳಿಯುವುದಿಲ್ಲ. ನಮ್ಮ ಪಿಕಪ್‌ನಲ್ಲಿ ಮೂರು ಕಡೆಯೂ ಬಿಚ್ಚುತ್ತೇವೆ, ಆಳು ಬೆನ್ನ ಮೇಲೆ ಮೂಟೆ ಹೊತ್ತು ಬಂದು ತಿರುಗಿ ನಿಂತು ಸುಮ್ನೆ ಜಾರಿಸಿಬಿಡುತ್ತಾನೆ. ಇಲ್ಲಿ ಒಬ್ಬ ಮೇಲೆ ಹತ್ತಿ ಪ್ರತಿ ಮೂಟೆಯನ್ನೂ ಒಳಗೆ ಎಳೆದುಕೊಳ್ಳಬೇಕಾಯಿತು. ಆರನೇ ಮೂಟೆಗೆ ಅವನು ಸೊಂಟ ಹಿಡಿದುಕೊಂಡು ನಿಂತ. ಪಕ್ಕದ ಪೇಂಟಿಗೆ ಗೀಚು ಬಿತ್ತೇನೋ ಅಂತ ತಮ್ಮ ಮೊಬೈಲ್ ಟಾರ್ಚ್ ಹಿಡಿದು ನೋಡುತ್ತಿದ್ದ! ತೋಟದ ಗಾಡಿಗೆ ಗೀಚು ಬೀಳುತ್ತೆ ಅಂತ ಹೆದರಬೇಕಾದರೆ ಅದು ತೋಟದ ಗಾಡಿಯಾ ಹೇಳಿ. ಗಿಡಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ 200 ಲೀಟರಿನ ಡ್ರಮ್ಮು ತುಂಬಿ ಇಡುತ್ತೇವೆ, ಮೈಲುತುತ್ತ, ಸುಣ್ಣ ಎಲ್ಲಾ ಚೆಲ್ಲಿ ಬಾಡಿ ನೀಲಿಯಾಗುತ್ತೆ. ಮೂವತ್ತು ಲಕ್ಷದ ಗಾಡಿಯಲ್ಲಿ ಅದಕ್ಕೆ ಇವನೇ ಬಿಡುವುದಿಲ್ಲ.

ಹೌದು, ಮೂವತ್ತು ಲಕ್ಷ. ಬಂದಾಗ ಶೋರೂಮ್ ಬೆಲೆಯೇ 33.99 ಲಕ್ಷದಿಂದ ಶುರುವಾಗಿತ್ತು, ಆಮೇಲೆ ಇಳಿದಿದೆ. ಆದರೆ 20 ಲಕ್ಷ ದಾಟಿದ ಡೀಸೆಲ್ ಕಾರಿಗೆ ನಮ್ಮ ರಾಜ್ಯದಲ್ಲಿ ಲೈಫ್ ಟ್ಯಾಕ್ಸೇ ಶೇ. 18. ಮೂವತ್ತು ಲಕ್ಷಕ್ಕೆ 5.4 ಲಕ್ಷ ಅಲ್ಲಿಗೇ ಹೋಯಿತು. ಆ ದುಡ್ಡಿಗೆ ಒಂದು ಬ್ಲಾಕ್ ಪೂರ್ತಿ ಸ್ಪ್ರಿಂಕ್ಲರ್ ಪೈಪು ಬದಲಾಯಿಸಬಹುದು.

80 ಲೀಟರ್ ಟ್ಯಾಂಕ್ ಇದೆ ಅಂತ ಹೆಮ್ಮೆಪಡುತ್ತಾನಲ್ಲ, ಅದನ್ನು ತುಂಬಿಸಲು 7,200 ರೂಪಾಯಿ. ತಿಂಗಳಿಗೆ 1,500 ಕಿಲೋಮೀಟರ್ ಓಡಾಡುತ್ತೇವೆ. ಲೀಟರಿಗೆ 10 ಅಂದರೆ 13,500 ರೂಪಾಯಿ. ಟ್ಯಾಂಕ್ ದೊಡ್ಡದಿದ್ದರೆ ಬಂಕಿಗೆ ಹೋಗುವ ಸಲ ಕಡಿಮೆಯಾಗುತ್ತೆ, ಬಿಲ್ ಕಡಿಮೆಯಾಗಲ್ಲ.

ಇನ್ನು ಈಗಿನ ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್ ಅಂತ ಒಂದು ಇರುತ್ತೆ, ಹೊಗೆಯ ಮಸಿ ಹಿಡಿಯುವ ಜರಡಿ. ಆ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಆಗಾಗ ಹೈವೇಯಲ್ಲಿ ಒಂದೇ ಸಮ ಓಡಬೇಕು. ತೋಟದೊಳಗೆ ದಿನವೂ ಒಂದನೇ, ಎರಡನೇ ಗೇರಿನಲ್ಲಿ ನಾಲ್ಕೈದು ಕಿಲೋಮೀಟರ್ ತೆವಳುವ ಗಾಡಿಗೆ ಅದು ಎಲ್ಲಿ ಸಿಗಬೇಕು? ಜರಡಿ ಸುಡಲೆಂದೇ ಖಾಲಿ ಗಾಡಿಯನ್ನು ಹಾಸನದವರೆಗೆ ಓಡಿಸಿಕೊಂಡು ಬರುವವರು ನಮ್ಮ ನೆಂಟರಲ್ಲೇ ಇದ್ದಾರೆ. ಅದರ ಡೀಸೆಲ್ ಯಾವ ಲೆಕ್ಕಕ್ಕೆ ಬರೆಯಲಿ?

ಅಮ್ಮನ ವಿಷಯ ತಂದನಲ್ಲ. ಏರ್‌ಬ್ಯಾಗ್ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಬೆಲ್ಟಿನ ಬಕಲ್ ನಾಳೆಯೇ ಸರಿ ಮಾಡಿಸುತ್ತೇನೆ, ಅಮ್ಮ ಇನ್ನು ಪಿಕಪ್ ಹತ್ತುವುದೂ ಬೇಡ, ಕಾರಿದೆ. ಆದರೆ ಹೈಲಕ್ಸ್ ಹಿಂದೆ ಇರುವುದು ಲೀಫ್ ಸ್ಪ್ರಿಂಗ್, ಲೋಡಿಗೆ ಮಾಡಿದ್ದು. ಖಾಲಿ ಇದ್ದಾಗ ಹಿಂದಿನ ಸೀಟಿನಲ್ಲಿ ಕೂತು ನಮ್ಮ ರಸ್ತೆಯಲ್ಲಿ ಬಂದರೆ ಬೆನ್ನು ಹೇಳುತ್ತೆ. ಒಂದು ಸಲ ಬಂದ ಮೇಲೆ ಅಮ್ಮ ಮುಂದಿನ ಸೀಟು ಬಿಟ್ಟು ಕೊಡಲೇ ಇಲ್ಲ.

ಆ ಏರು ಹತ್ತಿದ್ದು ನಿಜ. ನಾನೂ ಪಕ್ಕದಲ್ಲೇ ಕೂತಿದ್ದೆ, ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಫೋರ್ ಬೈ ಫೋರ್ ಬೇಕೇ ಬೇಕು ಅಂದರೆ ಬೊಲೆರೊ ಪಿಕಪ್‌ನಲ್ಲೂ ಬರುತ್ತೆ, ಅರ್ಧಕ್ಕಿಂತ ಕಡಿಮೆ ದುಡ್ಡಿಗೆ. ಇಲ್ಲದಿದ್ದರೆ ಆ ಏರಿಗೆ ನಾಲ್ಕು ಲೋಡ್ ಜಲ್ಲಿ ಹಾಕಿ, ನೀರು ಕೊರೆದ ಕಡೆ ಒಂದು ಮೋರಿ ಪೈಪು ಹೂತರೆ ಸಾಕು. ಟಿಪ್ಪರ್ ಅಲ್ಲಿಗೆ ಬರಲ್ಲ, ಕಣದಲ್ಲಿ ಸುರಿದು ಹೋಗುತ್ತೆ. ಅಲ್ಲಿಂದ ಮೇಲಕ್ಕೆ ಸಾಗಿಸಲು ಹಳೇ ಪಿಕಪ್ಪೇ ಆಗಬೇಕು, ಹೈಲಕ್ಸ್ ಬಾಡಿಯೊಳಗೆ ಜಲ್ಲಿ ಸುರಿಯಲು ತಮ್ಮ ಬಿಡುತ್ತಾನಾ ಕೇಳಿ ನೋಡಿ.